ಸೋಲುವುದಕ್ಕೊಂದು ಪುಸ್ತಕ

ಮಧ್ಯಾಹ್ನ ಮೂರು ಗಂಟೆಯಾಯಿತು; ಧರೆಪ್ಪ ಬರಲಿಲ್ಲ. ಅವನು ಆ ದಿನ ಬೆಳಿಗ್ಗೆ ಎದೆನೋವಿನಿಂದ ತೀರಿಕೊಂಡಿದ್ದ.

ಸಿಂದಗಿಯ ಪಿಂಜಾರ ಓಣಿಯಲ್ಲಿ ಈ ಸುದ್ದಿ ಗೊತ್ತಿಲ್ಲದವನು ಕಾಸಿಂಸಾಬ ಒಬ್ಬನೇ. ಅವನು ಹೊರಸಿನ ಮೇಲೆ ಗೋಡೆಗೆ ಒರಗಿ ಕೂತು, ಮುಂದೆ ಚದುರಂಗದ ಹಾಸು ಬಿಡಿಸಿ, ಎಡಗೈಯಿಂದ ಒಂದೊಂದೇ ಕಾಯಿ ಇಟ್ಟು ಮುಗಿಸಿದ್ದ. ತನ್ನ ಕಡೆಯವನ್ನೂ ಇಟ್ಟಿದ್ದ, ಧರೆಪ್ಪನ ಕಡೆಯವನ್ನೂ ಇಟ್ಟಿದ್ದ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬರುವವರೆಗೂ ಹೆಂಡತಿ ಪೀರಬಿ ಬಾಯಿ ಬಿಡಲಿಲ್ಲ. ಆಮೇಲೆ ತಡೆಯಲಾರದೆ ಹೇಳಿದಳು.

"ಧರೆಪ್ಪಣ್ಣ ಬರೂದಿಲ್ಲರಿ. ಮುಂಜಾನಿ ತೀರಿಕೊಂಡ್ರು."

ಕಾಸಿಂಸಾಬ ಅಳಲಿಲ್ಲ. ಕಾಯಿಗಳನ್ನು ಚೀಲಕ್ಕೆ ತುಂಬಿದ. ಗೋಡೆಯ ಕಡೆ ಹೊರಳಿ ಮಲಗಿದ. ಸಂಜೆ ಅವಳು ಗಂಜಿ ತಂದರೆ ಬಾಯಿ ತೆರೆಯಲಿಲ್ಲ.

ಅದು ೧೯೬೧ರ ನವೆಂಬರ. ಆ ವರ್ಷದ ಬೇಸಿಗೆಯಲ್ಲಿ ಹತ್ತಿ ಹಿಂಜುವ ಬಿಲ್ಲು ಕೈಯಲ್ಲಿದ್ದಾಗಲೇ ಅವನಿಗೆ ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು, ಮಾತು ಒಂದೇ ಏಟಿಗೆ ಹೋದವು. ಎಡಗೈ ಮತ್ತು ಬುದ್ಧಿ ಉಳಿದವು. ಬುದ್ಧಿ ಉಳಿದದ್ದನ್ನು ಮೊದಲು ಕಂಡವನು ಧರೆಪ್ಪ. ಬಜಾರದಲ್ಲಿ ತಂಬಾಕಿನ ಅಂಗಡಿ ಇಟ್ಟಿದ್ದ ಅವನು ದಿನಾ ಮಧ್ಯಾಹ್ನ ಬಾಗಿಲು ಹಾಕಿ ಬಂದು, "ಏನ ಸಾಬ್, ಇವತ್ತರೆ ನಿನ್ನ ವಜೀರನ್ನ ಮನ್ಯಾಗ ಕೂಡ್ರಸ್ತಿಯೋ, ಊರ ತಿರಗಾಕ ಬಿಡ್ತಿಯೋ?" ಎಂದು ಕೆಣಕುತ್ತ ಕೂಡುತ್ತಿದ್ದ. ಆಟ ಮುಗಿದ ಮೇಲೆ, ಗೆದ್ದಿರಲಿ ಸೋತಿರಲಿ, ಕಾಸಿಂಸಾಬ ಉಣ್ಣುತ್ತಿದ್ದ. ಮನೆಯ ದಿನಚರಿ ಹಾಗೆ ಗಟ್ಟಿಯಾಗಿತ್ತು. ಆಟ ನಿಂತರೆ ಊಟವೂ ನಿಲ್ಲುತ್ತದೆಂದು ಪೀರಬಿ ಅಂದುಕೊಂಡಿರಲಿಲ್ಲ.

ಈಗ ಅವಳು ಅವನ ತುಟಿ ಬಿಡಿಸಿ ನಾಲ್ಕು ಚಮಚೆ ಗಂಜಿ ಹಾಕುತ್ತಿದ್ದಳು. ಎರಡು ಒಳಗೆ ಹೋಗುತ್ತಿದ್ದವು, ಎರಡು ಗಲ್ಲದ ಮೇಲೆ ಇಳಿಯುತ್ತಿದ್ದವು. ಸರಕಾರಿ ದವಾಖಾನೆಯ ಡಾಕ್ಟರು ಬಂದು ನೋಡಿದರು.

"ಹೊಸಾ ರೋಗ ಏನೂ ಇಲ್ಲವ್ವ. ಆದ್ರ ಹಿಂಗ ಉಪಾಸ ಬಿದ್ರ ಬಾಳ ದಿನಾ ಉಳಿಯೂದಿಲ್ಲ."

"ಔಷಧ ಕೊಡ್ರಿ."

"ಜೀವದ ಮ್ಯಾಲೆ ಆಸೆ ಹುಟ್ಟಸೂ ಔಷಧ ನನ್ನ ಹಂತ್ಯಾಕ ಇಲ್ಲ," ಎಂದು ಅವರು ಚೀಲ ಎತ್ತಿಕೊಂಡರು.

ಪೀರಬಿ ಆಡುವವರನ್ನು ಹುಡುಕಿದಳು. ಒಬ್ಬಿಬ್ಬರು ಬಂದರು. ಒಂದು ನಡೆಗೆ ಅರ್ಧ ತಾಸು ಕಾಯುವುದು, ಅವನ ಬಾಯಿಯ ಜೊಲ್ಲು ಹಾಸಿನ ಮೇಲೆ ಬೀಳುವುದು ನೋಡಿ ಮತ್ತೆ ಬರಲಿಲ್ಲ. ಕಿರಾಣಿ ಅಂಗಡಿಯ ಭೀಮಶ್ಯಾ ಒಳ್ಳೆಯ ಮನುಷ್ಯ. ಆದರೆ ಅವಸರದ ಮನುಷ್ಯ. ಬೇಗ ಮುಗಿಯಲೆಂದು ತನ್ನ ಆನೆಯನ್ನು ಎದುರಿನ ಕುದುರೆಯ ಬಾಯಿಗೆ ಇಟ್ಟ. ಕಾಸಿಂಸಾಬ ಆ ಆನೆಯನ್ನು ಹೊಡೆಯಲಿಲ್ಲ. ಅದನ್ನೆತ್ತಿ ಭೀಮಶ್ಯಾನ ಮಡಿಲಿಗೆ ಎಸೆದು ಗೋಡೆಯ ಕಡೆ ತಿರುಗಿದ.

"ರೋಗಿ ಅದಾನಂತ ಗೆಲ್ಲಾಕ ಬಿಟ್ಟೆ," ಎಂದ ಭೀಮಶ್ಯಾ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ.

"ಅದ ಅವರಿಗೆ ತಿಳೀತು," ಎಂದಳು ಪೀರಬಿ.

ಆ ಹಾಸನ್ನು ಹೊಲಿದವಳು ಅವಳೇ. ಬಿಳಿ ಮಂಜರಪಾಟಿನ ಮೇಲೆ ಕೆಂಪು ದಾರದ ಗೆರೆ ಎಳೆದು ಅರವತ್ನಾಲ್ಕು ಮನೆ ಮಾಡಿ, ಮದುವೆಯಾದ ಹೊಸದರಲ್ಲಿ ಗಂಡನಿಗೆ ಕೊಟ್ಟಿದ್ದಳು. ಅದರ ಮೇಲೆ ಕುದುರೆ ಹೇಗೆ ನಡೆಯುತ್ತದೆ, ಒಂಟೆ ಹೇಗೆ ನಡೆಯುತ್ತದೆ ಎಂಬುದನ್ನು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಈಗ ಕೇಳಿದರೆ ಹೇಳುವವನಿಗೆ ಮಾತಿಲ್ಲ. ಅವಳಿಗೆ ಕನ್ನಡ ಮೂರನೆಯ ಇಯತ್ತೆಯವರೆಗೆ ಸಾಲಿ ಆಗಿತ್ತು. ಪುಸ್ತಕ ಸಿಕ್ಕರೆ ಕಲಿಯಬಹುದು ಎನಿಸಿತು.

ತಮ್ಮ ಬಾಬುಲಾಲ ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ಸಂತೆಯಿಂದ ಸಂತೆಗೆ ತಿರುಗಿ ಇಂಗು, ಮೆಣಸು ಮಾರುತ್ತಿದ್ದ. ಚದುರಂಗದ ಪುಸ್ತಕ ತರಲು ಅವನಿಗೆ ಹೇಳಿದಳು.

"ಬುದ್ಧಿಬಲ ಆಡಾಕ ಪುಸ್ತಕ ಇರತಾವೇನಕ್ಕಾ?" ಎಂದ ಅವನು.

"ಅಡಗಿಗೇ ಪುಸ್ತಕ ಬಂದಾವಂತ. ಇದಕ್ಕ ಇರೂದಿಲ್ಲೇನು? ನೋಡು, ತಾ."

ಅವನು ಇಂಡಿಯಿಂದ ತಂದದ್ದು ಇಟ್ಟಂಗಿಯಷ್ಟು ದಪ್ಪ, ಇಂಗ್ಲಿಷು.

"ಇದ್ದದ್ರಾಗ ದಪ್ಪಂದು ಇದ. ದಪ್ಪ ಇದ್ರ ಜಾಸ್ತಿ ಕಲಸತೈತಿ ಅಂತ ತಂದೆ."

"ಬಾಬೂ, ನನಗ ಇಂಗ್ಲಿಷ್ ಬರತೈತೇನೋ?"

"ಮಾಮಾಗ?"

"ಇಲ್ಲ."

"ಹಂಗಾದ್ರ ತಲಿದಿಂಬ ಮಾಡಿಕೊ," ಎಂದು ನಗಲು ಹೋದವನು, ಹೊರಸಿನ ಕಡೆ ನೋಡಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡ.

ಮುಂದಿನ ವಾರ ಮುದ್ದೇಬಿಹಾಳದಿಂದ ಇನ್ನೊಂದು ತಂದ. ತೆಳ್ಳಗಿನದು, ಮುಂದಿನ ರಟ್ಟು ಹೋಗಿತ್ತು, ಹಾಳೆ ಹಳದಿಯಾಗಿತ್ತು. ಅದು ಮರಾಠಿ. ಚಿತ್ರಗಳಲ್ಲಿ ಬರೀ ಗೆರೆ ಎಳೆದ ಮನೆಗಳಿದ್ದವು, ಅವಳ ಹಾಸಿನಲ್ಲಿ ಇದ್ದ ಹಾಗೆಯೇ. ಪೀರಬಿ ಹಾಳೆ ತಿರುವಿದಳು. ಒಂದಕ್ಷರ ಗೊತ್ತಾಗಲಿಲ್ಲ.

"ಇದನ್ನೂ ಒಯ್ಯಿ. ಕನ್ನಡದ್ದು ಬೇಕು."

"ಕನ್ನಡದಾಗ ಇಲ್ಲಂತಾರ ಎಲ್ಲಾರೂ."

"ಒಯ್ಯಿ ಅಂದ್ನೆಲ್ಲ!" ಎಂದು ಅವಳು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತು. ಬಾಬುಲಾಲ ಪುಸ್ತಕವನ್ನು ಇಂಗಿನ ಚೀಲಕ್ಕೆ ತುರುಕಿಕೊಂಡು ಹೋದ.

ದಾರಿ ತೋರಿಸಿದವಳು ಧರೆಪ್ಪನ ಹೆಂಡತಿ ಕಾಶಿಬಾಯಿ. ಪೀರಬಿ ಮಾತಾಡಿಸಲು ಹೋದಾಗ ಅವಳು ನೆನಪು ಮಾಡಿಕೊಂಡು ಹೇಳಿದಳು: "ಇಂಗಳೇಶ್ವರದಾಗ ಮಾಳಿಂಗಪ್ಪ ಅಂತ ಒಬ್ಬಾಂವ ಅದಾನ. ಸೊಲ್ಲಾಪುರ ಮಿಲ್ಲಿನಾಗ ದುಡದು ಬಂದಾಂವ. ಅಂವನ ಮನ್ಯಾಗ ಈ ಆಟದ ಪುಸ್ತಕ ಅದಾವಂತ. ಇವರು ಒಮ್ಮಿ ಆಡಾಕ ಹೋಗಿ ಜಗಳಾ ಮಾಡಿ ಬಂದ್ರು. ಅಂವ ಆಡೂದು ಆಟನ ಅಲ್ಲ ಅಂತ ಬೈದಾಡತಿದ್ರು."

"ಯಾಕ ಜಗಳಾ?"

"ಗಂಡಸರ ಜಗಳಕ್ಕ ಕಾರಣ ಕೇಳಬೇಕೇನವ್ವ?"

ಪೀರಬಿ ಗಂಡನನ್ನು ಪಕ್ಕದ ರಮಜಾನಬಿಗೆ ಒಪ್ಪಿಸಿ ಮೊದಲ ಬಸ್ಸು ಹಿಡಿದಳು. ದೇವರ ಹಿಪ್ಪರಗಿಯಲ್ಲಿ ಬದಲಿಸಿದಳು. ಬಾಗೇವಾಡಿಯಲ್ಲಿ ಇಳಿದು, ಜೋಳದ ಕಣಿಕೆ ಹೇರಿಕೊಂಡು ಹೊರಟ ಚಕ್ಕಡಿಯವನನ್ನು ಬೇಡಿಕೊಂಡು, ಇಂಗಳೇಶ್ವರ ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು.

ಮಾಳಿಂಗಪ್ಪ ಕಟ್ಟೆಯ ಮೇಲೆ ಕೂತು ಒಬ್ಬನೇ ಎರಡೂ ಕಡೆಯಿಂದ ಆಡುತ್ತಿದ್ದ. ಅರವತ್ತರ ಆಚೆಯ ವಯಸ್ಸು, ತಲೆಗೆ ಬಿಳಿ ರುಮಾಲು. ಅವನ ಮುಂದಿನ ಹಲಗೆಯಲ್ಲಿ ಒಂದು ಮನೆ ಕಪ್ಪು, ಒಂದು ಬಿಳಿ. ಪೀರಬಿ ಬಂದ ಕೆಲಸ ಹೇಳಿದಳು. ಅವನು ಒಳಗಿನಿಂದ ಮೂರು ಪುಸ್ತಕ ತಂದು ಕಟ್ಟೆಯ ಮೇಲಿಟ್ಟ.

"ನೋಡ ತಂಗಿ. ಇದು ಇಂಗ್ಲಿಷ್, ನಿನಗೂ ಬ್ಯಾಡ, ನನಗೂ ಬ್ಯಾಡ. ಚಿತ್ರ ನೋಡಾಕ ಇಟ್ಟೀನಿ. ಇದು ಮರಾಠಿ. ಆಟ ಸುರು ಮಾಡೂ ನಡಿ ಅಷ್ಟ ಅದಾವ ಇದರಾಗ. ಸೊಲ್ಲಾಪುರದ ಹುಡುಗರು ಇದನ್ನ ಬಾಯಿಪಾಠ ಮಾಡತಿದ್ರು. ಹತ್ತ ನಡಿ ಹುಲಿ ಹಂಗ ಆಡವ್ರು. ಹನ್ನೊಂದನೇದಕ್ಕ ಎದುರಿನವ ಪುಸ್ತಕದಾಗ ಇಲ್ಲದ್ದ ಆಡಿದ ಅಂದ್ರ ಕಣ್ಣ ಕಟ್ಟಿ ಕಾಡಿನಾಗ ಬಿಟ್ಟಂಗ."

"ಮೂರನೇದು?"

"ಇದು ಕನ್ನಡ. ಸಣ್ಣದು. ಕಾಯಿ ನಡಿಸೂದು ಹೇಳಿಕೊಟ್ಟು, ಆಮ್ಯಾಲೆ ಆಟದ ಕೊನಿ ಹೇಳತೈತಿ. ಎರಡು ರಾಜ, ಒಂದ ಪ್ಯಾದಿ. ಅದು ಕೈಗೆ ಹತ್ತಿದ ಮ್ಯಾಲೆ ಒಂದ ಆನಿ. ಹಿಂಗ ಹಿಂದಿನಿಂದ ಮುಂದಕ್ಕ. ಕಲಿಯಾವ್ರಿಗೆ ಇದ ಚಲೋ. ನೀ ಯಾರನ್ನ ಗೆಲ್ಲಬೇಕು?"

"ಯಾರನ್ನೂ ಗೆಲ್ಲೂದು ಬ್ಯಾಡ್ರಿ ಕಾಕಾ. ನಾ ಸೋಲಬೇಕು."

ಮಾಳಿಂಗಪ್ಪ ಕತ್ತು ಮುಂದೆ ಮಾಡಿ, "ಏನಂದಿ?" ಎಂದ.

"ನಾ ಸೋಲಬೇಕು, ಆದ್ರ ಬೇಕಂತ ಸೋತಂಗ ಇರಬಾರದು. ಸುಳ್ಳ ಅಂದ್ರ ಅವರಿಗೆ ತಿಳೀತೈತಿ. ಖರೇನ ಆಡಬೇಕು, ಖರೇನ ಸೋಲಬೇಕು."

"ಸೋಲಾಕ ಯಾರೂ ಪುಸ್ತಕ ಬರದಿಲ್ಲವ್ವ," ಎಂದು ನಕ್ಕು ಅವನು ಕನ್ನಡದ ಪುಸ್ತಕವನ್ನು ಮುಂದೆ ಸರಿಸಿದ. "ದಿನಾ ಒಂದ ಚಿತ್ರ ಮಾಡು. ಹಬ್ಬದೂಟದಂಗ ಒಮ್ಮಿಗೇ ನುಂಗಬ್ಯಾಡ."

"ದಿನಾ ಒಂದ ಅಂದ್ರ ಆಗೂದಿಲ್ಲರಿ."

"ಯಾಕ, ಏನ ಗಡಿಬಿಡಿ?"

"ನಮ್ಮ ಮನಿಯವರು ಉಣ್ಣಾಕತ್ತಿಲ್ಲ."

ಮಾಳಿಂಗಪ್ಪನ ನಗು ನಿಂತಿತು. ಅವನು ಪುಸ್ತಕವನ್ನು ರುಮಾಲಿನ ತುದಿಯಿಂದ ಒರೆಸಿ ಅವಳ ಕೈಗೆ ಕೊಟ್ಟ. ತಿರುಗಿ ತಾ ಎಂದು ಹೇಳಲಿಲ್ಲ.

ಪೀರಬಿ ಒಲೆಯ ಮುಂದೆ ಓದಿದಳು, ಗಾದಿ ಹೊಲಿಯುತ್ತ ಓದಿದಳು, ನೀರಿಗೆ ಹೋಗುವ ದಾರಿಯಲ್ಲಿ ಕುದುರೆಯ ನಡೆಯನ್ನು ಬೆರಳಲ್ಲಿ ಎಣಿಸಿದಳು. ಗಂಡ ಮಲಗಿದಾಗ ಚೀಲದಿಂದ ಕಾಯಿ ತೆಗೆದು ಚಿತ್ರದಂತೆ ಇಟ್ಟು ನೋಡುತ್ತಿದ್ದಳು. ಪುಸ್ತಕದ ಚಿತ್ರಗಳಲ್ಲಿ ಕಪ್ಪು-ಬಿಳಿ ಮನೆಗಳಿದ್ದವು. ಹಾಸಿನಲ್ಲಿ ಬರೀ ಗೆರೆ. ಆಗ ಕಪ್ಪು ಬಟ್ಟೆ ಸಿಗದಿದ್ದಕ್ಕೆ ತಾನೇ ಬಿಟ್ಟಿದ್ದೆನೇನೋ ಅಂದುಕೊಂಡು, ಹಳೆಯ ಬುರ್ಖಾದ ಅರಿವೆ ಕತ್ತರಿಸಿ ಮೂವತ್ತೆರಡು ತುಂಡು ಹಚ್ಚಿದಳು. ಹೊಲಿಗೆ ಅಚ್ಚುಕಟ್ಟಾಗಿತ್ತು. ಪುಸ್ತಕದ ಚಿತ್ರಕ್ಕೂ ಹಾಸಿಗೂ ಈಗ ಒಂದಿಷ್ಟೂ ಫರಕು ಇರಲಿಲ್ಲ.

ಡಿಸೆಂಬರ ಬಂತು. ಕಾಸಿಂಸಾಬನ ಎದೆಯ ಎಲುಬುಗಳು ಅಂಗಿಯ ಮೇಲಿಂದಲೇ ಕಾಣುತ್ತಿದ್ದವು. ಇನ್ನು ಕಾಯುವುದಾಗದು ಎನಿಸಿದ ದಿನ ಮಧ್ಯಾಹ್ನ ಅವಳು ಅವನನ್ನು ಎತ್ತಿ ಗೋಡೆಗೆ ಒರಗಿಸಿ, ಹಾಸು ಬಿಡಿಸಿ, ಎದುರಿಗೆ ಕೂತಳು.

"ನಾ ಕಲತೀನ್ರಿ. ಆಡ್ರಿ ನನ್ನ ಜೋಡಿ."

ಅವನು ಕಪ್ಪು ಮನೆಗಳನ್ನು ಬಹಳ ಹೊತ್ತು ನೋಡಿದ. ಬೆರಳಿನಿಂದ ಒಂದು ತುಂಡಿನ ಅಂಚನ್ನು ಕೆರೆದ. ಆಮೇಲೆ ಹೆಂಡತಿಯ ಮುಖ ನೋಡಿ ಸ್ವಲ್ಪ ಮುಂದೆ ಬಾಗಿದ. ಪೀರಬಿ ಪುಸ್ತಕದಲ್ಲಿ ಹೇಳಿದಂತೆ ರಾಜನ ಮುಂದಿನ ಪ್ಯಾದಿಯನ್ನು ಎರಡು ಮನೆ ಮುಂದೆ ಇಟ್ಟಳು.

ಕಾಸಿಂಸಾಬ ಅದನ್ನು ಒಂದು ಮನೆ ಹಿಂದೆ ಸರಿಸಿದ.

ಅವನ ಕೈ ತಪ್ಪಿರಬೇಕೆಂದು ಅವಳು ಮತ್ತೆ ಎರಡನೆಯ ಮನೆಗೆ ಇಟ್ಟಳು. ಅವನು ಮತ್ತೆ ಹಿಂದೆ ಸರಿಸಿದ, ಗಂಟಲಿನಿಂದ "ಆಂ!" ಎಂಬ ಸದ್ದು ಬಂತು. ಲಕ್ವಾ ಹೊಡೆದವರಿಗೆ ಮರೆವೂ ಬರುತ್ತದೆಂದು ಯಾರೋ ಹೇಳಿದ್ದು ಪೀರಬಿಗೆ ನೆನಪಾಯಿತು. ಅವಳು ಪುಸ್ತಕ ತೆರೆದು ಅವನ ಕಣ್ಣ ಮುಂದೆ ಹಿಡಿದಳು. "ನೋಡ್ರಿ ಇಲ್ಲೆ. ಎರಡ ಮನಿ ಐತಿ. ನೀವು ಮರತೀರಿ."

ಅವನು ಪುಸ್ತಕದ ಕಡೆ ನೋಡಲಿಲ್ಲ. ಆದರೂ ಆಡಿದ. ಏಳೆಂಟು ನಡೆ ಸಾಗಿತು. ಅವಳಿಗೆ ಧೈರ್ಯ ಬಂತು. ಪುಸ್ತಕದಲ್ಲಿ ಅವಳು ಎಲ್ಲಕ್ಕಿಂತ ಚೆನ್ನಾಗಿ ಕಲಿತಿದ್ದು ಕೋಟೆ ಕಟ್ಟುವುದನ್ನು. ರಾಜನನ್ನು ಎರಡು ಮನೆ ಆಚೆ ಸರಿಸಿ, ಆನೆಯನ್ನು ಅವನ ತಲೆಯ ಮೇಲಿಂದ ದಾಟಿಸಿ ಈಚೆ ಇಟ್ಟಳು. ಒಂದೇ ಸರದಿಗೆ ಎರಡು ಕಾಯಿ.

ಕಾಸಿಂಸಾಬ ಹಾಸಿನ ತುದಿ ಹಿಡಿದು ಎಳೆದ. ಕಾಯಿಗಳು ನೆಲಕ್ಕೆ ಚೆಲ್ಲಿದವು, ವಜೀರ ಉರುಳುತ್ತ ಹೋಗಿ ಒಲೆಯ ಬೂದಿಯಲ್ಲಿ ಬಿತ್ತು.

"ಪುಸ್ತಕದಾಗ ಐತ್ರಿ!" ಪೀರಬಿ ಚೀರಿದಳು. "ಅಲ್ಲಾನ ಆಣಿ, ನಾ ಮೋಸ ಮಾಡಿಲ್ಲರಿ!"

ಅವನ ಕಣ್ಣಲ್ಲಿ ಭೀಮಶ್ಯಾನ ಆನೆಯನ್ನು ಎಸೆದ ದಿನದ ನೋಟವೇ ಇತ್ತು. ಅವನು ಗೋಡೆಯ ಕಡೆ ಹೊರಳಿದ. ಆ ಸಂಜೆ ತುಟಿ ಬಿಡಿಸಲು ಹೋದರೆ ಹಲ್ಲು ಕಚ್ಚಿ ಹಿಡಿದ. ಮರುದಿನವೂ ಹಾಗೆಯೇ. ಹನಿ ನೀರು ಬಿಟ್ಟರೆ ಏನೂ ಇಳಿಯಲಿಲ್ಲ.

ಪೀರಬಿ ಮತ್ತೆ ಬಸ್ಸು ಹತ್ತಿದಳು. ಈ ಸಲ ಬಾಗೇವಾಡಿಯಿಂದ ಚಕ್ಕಡಿ ಸಿಗಲಿಲ್ಲ. ನಡೆದೇ ಹೋದಳು. ಮಾಳಿಂಗಪ್ಪನ ಕಟ್ಟೆಯ ಮೇಲೆ ಪುಸ್ತಕ ಒಗೆದು ನಿಂತಳು.

"ಏನ ಕಲಿಸಿದ್ರಿ ನನಗ? ನಿಮ್ಮ ಪುಸ್ತಕ ನನ್ನ ಗಂಡನ್ನ ಕೊಲ್ಲಾಕತ್ತೈತಿ!"

"ಕೂಡು. ನೀರ ಕುಡಿ. ಏನಾತು ಹೇಳು."

"ಕೂಡೂದಿಲ್ಲ. ಪ್ಯಾದಿ ಎರಡ ಮನಿ ನಡಿಸಿದ್ರ ಹಿಂದ ಇಟ್ರು. ಕೋಟಿ ಕಟ್ಟಿದ್ರ ಹಾಸ ಕಿತ್ತು ಒಗದ್ರು. ಪುಸ್ತಕದಾಗ ಇದ್ದಂಗ ಕರಿ ಅರಿವಿ ಸುದ್ದಾ ಹಚ್ಚಿದ್ದೆ..."

"ಹಚ್ಚಿದ್ದಿ? ಅಂದ್ರ ಮೊದಲ ಕರಿ ಮನಿ ಇರಲಿಲ್ಲ?"

"ಇಲ್ಲ. ಬರೇ ಗೆರಿ."

ಮಾಳಿಂಗಪ್ಪ ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡ.

"ನಾ ಮೊದಲ ಇದೊಂದ ಕೇಳಿದ್ರ ಸಾಕಿತ್ತು," ಎಂದ. "ಆಟ ಎರಡ ಅದಾವ ತಂಗಿ. ನಮ್ಮ ಹಿರ್ಯಾರು ಆಡೂದ ಬ್ಯಾರೆ, ಈ ಪುಸ್ತಕದ್ದ ಬ್ಯಾರೆ. ಹಳೀ ಆಟದಾಗ ಪ್ಯಾದಿ ಒಂದ ಮನಿ ನಡೀತೈತಿ. ಕೋಟಿ ಗೀಟಿ ಇಲ್ಲ. ಹಾಸಿನ ಮ್ಯಾಲೆ ಬರೇ ಗೆರಿ. ನಾ ಮಿಲ್ಲಿನಾಗ ಹೊಸಾ ಆಟ ಕಲತು, ಹಳೀದೊಂದ ಐತಿ ಅನ್ನೂದ ಮರತ ಬಿಟ್ಟಿದ್ದೆ. ನಿಮ್ಮ ಸಿಂದಗಿ ಧರೆಪ್ಪ ಒಮ್ಮಿ ಇಲ್ಲಿ ಬಂದು ಜಗಳ ತಗದದ್ದೂ ಇದಕ್ಕ. ನಾ ಕೋಟಿ ಕಟ್ಟಿದೆ, ಅಂವ ನನ್ನ ಕಳ್ಳ ಅಂದ."

"ಹಳೀ ಆಟಕ್ಕ ಪುಸ್ತಕ ಇಲ್ಲೇನ್ರಿ?"

"ಮರಾಠಿಯೊಳಗ ಒಂದ ಇತ್ತು. ತೆಳ್ಳಂದು. ಚಿತ್ರದಾಗ ಬರೇ ಗೆರಿ. ಸಿಕ್ಕಿದ್ರ ನಾ ಓದಿ ಕನ್ನಡದಾಗ ಹೇಳತಿದ್ದೆ. ಈಗ ಎಲ್ಲಿ ಸಿಗಬೇಕು."

ಪೀರಬಿ ಈಗ ಕೂತಳು.

ಮಾಳಿಂಗಪ್ಪ ಒಳಗಿನಿಂದ ಮಸಿಯ ದೌತಿ-ಟಾಕು ತಂದು ಅವಳ ಪುಸ್ತಕದಲ್ಲಿ ಎರಡು ಕಡೆ ಅಡ್ಡಗೀಟು ಹಾಕಿದ: ಪ್ಯಾದಿಯ ಎರಡು ಮನೆ, ರಾಜನ ಕೋಟೆ. "ಇವೆರಡ ಬಿಡು. ಆನಿ, ಒಂಟಿ, ಕುದುರಿ ಎಲ್ಲಾ ಅದ ನಡಿ. ಹಳೀ ಆಟಕ್ಕ ಇನ್ನೂ ಒಂದೆರಡ ಕಾಯ್ದೆ ಅದಾವ, ರಾಜ ಒಮ್ಮಿ ಕುದುರಿ ಹಂಗ ಜಿಗೀತಾನ ಅಂತ ನೆನಪು. ಚಂದಂಗ ಹೇಳಾಕ ನನಗ ಬರೂದಿಲ್ಲ. ನಿನ್ನ ಗಂಡಗ ಬರತೈತಿ. ಅಂವನ ಕೈ ನೋಡು. ಅಂವ ಕಾಯಿ ಹಿಂದ ಇಟ್ರ ಅಲ್ಲೆ ಬಿಡು. ಪುಸ್ತಕ ತೋರಸಬ್ಯಾಡ."

ಬಾಗೇವಾಡಿಯಲ್ಲಿ ಅಂದು ಸಂತೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಮೆಣಸಿನ ಸಾಲಿನಲ್ಲಿ ಬಾಬುಲಾಲ ಕೂತಿದ್ದ. ಅಕ್ಕ ಓಡುತ್ತ ಬಂದದ್ದನ್ನು ಕಂಡು ಅವನು ಎದ್ದುನಿಂತ. ಮಾಮಾ ಹೋದರೆಂದೇ ತಿಳಿದ.

"ಆ ಮುದ್ದೇಬಿಹಾಳದ ಪುಸ್ತಕ ಎಲ್ಲಿ ಬಾಬೂ?"

ಅವನು ಗಿರಾಕಿಯ ಕೈಯಲ್ಲಿದ್ದ ಇಂಗಿನ ಪುಡಿಕೆಯನ್ನು ನೋಡಿದ. ಪೀರಬಿಯೂ ನೋಡಿದಳು. ಹಳದಿ ಹಾಳೆಯ ಮೇಲೆ ಗೆರೆ ಎಳೆದ ಮನೆಗಳು ಕಾಣುತ್ತಿದ್ದವು.

"ನೀನ ಒಯ್ಯಿ ಅಂದಿ," ಎಂದ ಬಾಬುಲಾಲ. "ಹಾಳಿ ಗಟ್ಟಿ ಇತ್ತಕ್ಕಾ, ಇಂಗಿನ ವಾಸನಿ ಹೊರಗ ಬಿಡತಿರಲಿಲ್ಲ." ಚೀಲ ಹುಡುಕಿ ಉಳಿದದ್ದನ್ನು ತೆಗೆದುಕೊಟ್ಟ: ಹಿಂದಿನ ರಟ್ಟು.

ಅವಳು ಅದನ್ನು ಅಲ್ಲಿಯೇ ಬಿಟ್ಟು ಬಸ್ಸಿಗೆ ನಡೆದಳು. ಮನೆ ಮುಟ್ಟಿದಾಗ ರಮಜಾನಬಿ ಬಾಗಿಲಲ್ಲೇ ತಲೆ ಅಲ್ಲಾಡಿಸಿದಳು. "ನೀರಿಗೂ ಬಾಯಿ ತೆರೀಲಿಲ್ಲವ್ವ."

ಮರುದಿನ ಬೆಳಿಗ್ಗೆ ಪೀರಬಿ ಹೊರಸಿನ ಪಕ್ಕ ನೆಲದ ಮೇಲೆ ಕೂತು, ಹಾಸನ್ನು ತೊಡೆಯ ಮೇಲೆ ಹಾಕಿಕೊಂಡು, ಸೂಜಿಯ ಮೊನೆಯಿಂದ ಕಪ್ಪು ತುಂಡುಗಳ ಹೊಲಿಗೆ ಬಿಚ್ಚತೊಡಗಿದಳು. ಅಚ್ಚುಕಟ್ಟಾಗಿ ಹಾಕಿದ ಹೊಲಿಗೆ, ಬೇಗ ಬಿಚ್ಚುತ್ತಿರಲಿಲ್ಲ. ತುಂಡುಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ದಾರ ಕಡಿಯುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಅರ್ಧ ಬಿಚ್ಚಿದಾಗ ತಲೆ ಎತ್ತಿದಳು. ಕಾಸಿಂಸಾಬನ ಮುಖ ಈಚೆ ತಿರುಗಿತ್ತು.

ಅವಳು ಕೊನೆಯ ತುಂಡು ತೆಗೆದಳು. ಕೆಂಪು ಗೆರೆಗಳ ನಡುವೆ ಸೂಜಿಯ ಸಣ್ಣ ತೂತುಗಳು ಉಳಿದವು. ಹಾಸನ್ನು ಹೊರಸಿನ ಮೇಲೆ ಬಿಡಿಸಿ, ಕಾಯಿ ಇಟ್ಟು, ರಾಜನ ಮುಂದಿನ ಪ್ಯಾದಿಯನ್ನು ಒಂದು ಮನೆ ನಡೆಸಿದಳು. ಕಾದಳು. ಅವನು ಕೈ ಎತ್ತಲಿಲ್ಲ. ಅವನ ಕಡೆಯ ಪ್ಯಾದಿಯನ್ನೂ ಅವಳೇ ನಡೆಸಿದಳು. ಮತ್ತೆ ತನ್ನದು, ಮತ್ತೆ ಅವನದು. ಇಂಗಳೇಶ್ವರದ ಕಟ್ಟೆಯ ಮೇಲೆ ಮಾಳಿಂಗಪ್ಪ ಆಡುತ್ತಿದ್ದಂತೆ ಎರಡೂ ಕಡೆಯಿಂದ ತಾನೇ ಆಡಿದಳು. ಅವನ ವಜೀರನನ್ನು ಎಲ್ಲಿಡಬೇಕೆಂದು ತಿಳಿಯದೆ ತನ್ನ ಒಂಟೆಯ ದಾರಿಯಲ್ಲಿ ಇಟ್ಟುಬಿಟ್ಟಳು.

ಎಡಗೈ ಕೌದಿಯ ಕೆಳಗಿನಿಂದ ಹೊರಬಂತು. ವಜೀರನನ್ನು ಎತ್ತಿ ಮೊದಲಿದ್ದ ಮನೆಗೆ ಇಟ್ಟಿತು. ಕುದುರೆಯನ್ನು ನಡೆಸಿತು.

ಪೀರಬಿ ಅವನ ಕೈ ನೋಡುತ್ತ ಆಡಿದಳು. ಒಂದು ಆನೆ ಹೋಯಿತು. ಎರಡು ಕಡೆ ಅವನು ಅವಳ ಕಾಯಿಯನ್ನು ಹಿಂದೆ ಇಟ್ಟ. ಯಾಕೆಂದು ತಿಳಿಯದಿದ್ದರೂ ಅಲ್ಲೇ ಬಿಟ್ಟಳು. ರಾಜನನ್ನು ಅವಳು ಮೂಲೆಗೆ ಒಯ್ದಾಗ ಅವನು ತನ್ನ ಆನೆಯನ್ನು ತಂದು ಎದುರಿಗೆ ನಿಲ್ಲಿಸಿದ. ಪುಸ್ತಕದ ಕೊನೆಯ ಚಿತ್ರಗಳನ್ನೆಲ್ಲ ನೆನಪು ಮಾಡಿಕೊಂಡಳು. ದಾರಿ ಇರಲಿಲ್ಲ.

"ಸೋತೆ," ಎಂದಳು.

ಕಾಸಿಂಸಾಬ ಹಾಸನ್ನು ಇನ್ನೊಮ್ಮೆ ಪೂರಾ ನೋಡಿದ. ಎಲ್ಲಿಯಾದರೂ ಅವಳು ಬೇಕೆಂದೇ ಬಿಟ್ಟುಕೊಟ್ಟಿದ್ದಾಳೆಯೇ ಎಂದು ಹುಡುಕುತ್ತಿದ್ದ. ಅದು ಮುಗಿಯುವವರೆಗೆ ಅವಳು ಒಲೆಯ ಕಡೆ ಹೋಗಲಿಲ್ಲ.

ಆಮೇಲೆ ಗಂಜಿ ಬಿಸಿ ಮಾಡಿ ತಂದಳು. ಅವನು ಬಾಯಿ ತೆರೆದ. ಅರ್ಧ ಬಟ್ಟಲು ಇಳಿಯಿತು.

ಮರುದಿನ ಮೂರು ಗಂಟೆಗೆ ಅವನು ಎರಡೂ ಕಡೆಯ ಕಾಯಿಗಳನ್ನು ಇಟ್ಟು, ಒಲೆಯ ಕಡೆ ನೋಡುತ್ತ ಕೂತಿದ್ದ.